ಜಂಗಮಕೋಟೆಯ ಸ್ಪೀಕರ್ ಮೌನವಾದ ವಿಚಾರ

ಜಂಗಮಕೋಟೆ
ಸೋಮವಾರ

ಚಿಂತಾಮಣಿಯ ಗಾನಗಂಧರ್ವ ಭಾನುಪ್ರಕಾಶನಿಗೆ,

ಸಮಸ್ತ ಸಂಗೀತಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಮನೆ ಕಂಪ್ಯೂಟರಿನ ಸ್ಪೀಕರ್ ಕಳೆದ ಗುರುವಾರದಿಂದ ಮೌನ ತಾಳಿದೆ. ಮನೇಲಿರೋ ಒಂದೇ ಬಟನ್ ಫೋನು ಯಾವಾಗಲೂ ನನ್ನ ಹೆಂಡತಿ ಜ್ಯೋತಿಲಕ್ಷ್ಮಿಯ ಕೈಯಲ್ಲೇ ಇರುತ್ತೆ, ಅದಕ್ಕೇ ಈ ಕಾಗದ.

ನಮ್ಮ ಹಳೇ ಆರ್ಕೆಸ್ಟ್ರಾದ ಕ್ಯಾಸೆಟ್‌ಗಳನ್ನೆಲ್ಲ ವೆಬ್‌ಸೈಟಿಗೆ ಹಾಕಿದ್ದೀಯ, ಸಂತೋಷ. ಆದರೆ ಪುಟ ತೆರೆದ ತಕ್ಷಣ ನೀನೂ ಜ್ಯೋತಿಯೂ ಹಾಡಿದ ಯುಗಳಗೀತೆ ತಾನಾಗೇ ಶುರುವಾಗುತ್ತೆ. ನಿಲ್ಲಿಸೋ ಗುಂಡಿ ಎಲ್ಲೂ ಇಲ್ಲ. ನಿನ್ನ ಫೋಟೊ ತಾಂಬಾಳದಷ್ಟಿದೆ. ಢೋಲಕ್ ಬಾರಿಸಿದ ನನ್ನ ಹೆಸರು ಒತ್ತಿದರೆ ‘ಪುಟ ಸಿಗಲಿಲ್ಲ’ ಅನ್ನುತ್ತೆ.

“ರೇಷ್ಮೆಹುಳು ಪೊರೆ ಬಿಡೋ ಜ್ವರಕ್ಕೆ ಕೂತಿವೆ, ಸದ್ದು ಬೇಡ ಕಣೇ” ಅಂದೆ.

“ಹುಳಕ್ಕೆಲ್ಲಿದೆ ಕಿವಿ? ಕಿವಿ ಇರೋದು ನಿಮಗೆ, ಅದೇ ಕಷ್ಟ” ಅಂದಳು.

ಅವಳು ಡೈರಿಗೆ ಹಾಲು ಹಾಕೋಕೆ ಹೋದಾಗ, ಹಿಪ್ಪುನೇರಳೆ ಸೊಪ್ಪು ಕೊಯ್ಯೋ ಕುಡುಗೋಲಿನಿಂದ ಸ್ಪೀಕರಿನ ವೈರು ಕತ್ತರಿಸಿದೆ.

ಈಗ ಮನೆ ನಿಶ್ಶಬ್ದವಾಗಿದೆ. ಹುಳುಗಳಿಗೆ ಸೊಪ್ಪು ಹರಡುವಾಗ ಜ್ಯೋತಿ ಗುನುಗ್ತಿದ್ದಳು, ಅದೂ ನಿಂತಿದೆ. ಇಪ್ಪತ್ತು ವರ್ಷದ ಮೇಲೆ ಮತ್ತೆ ಶುರುವಾಗಿದ್ದ ಗುನುಗು ಅದು. ಹಾಡು ನಿನ್ನದೇ ಇರಬಹುದು, ಪಕ್ಕದಲ್ಲಿ ನಿಂತು ಕೇಳ್ತಿದ್ದವನು ನಾನು.

ಆದ್ದರಿಂದ ಭಾನುವಾರ ಬಾ. ಬರುವಾಗ ಎರಡು ಮೀಟರ್ ಸ್ಪೀಕರ್ ವೈರು ತಾ. ಹಳೇದನ್ನು ಇಲಿ ಕಡಿದಿದೆ ಅಂತ ದಯವಿಟ್ಟು ನೀನೇ ಹೇಳು. ನೀನು ಹೇಳಿದರೆ ಅವಳು ನಂಬ್ತಾಳೆ.

ಇಂತಿ,
ಚಲಪತಿ, ಢೋಲಕ್