ಹಾಸು ಉಳಿಸಿದವನ ಶಿಕ್ಷೆ

ಇಳಕಲ್, ೧೨ ಮಾರ್ಚ್ ೧೯೦೮

ಸೊಸೆ ನಜಮಾಳಿಗೆ ಮಾವನ ದುವಾ.

ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನ ಕೈಗೆ ಲೇಖನಿ ಕೊಟ್ಟು ಕೂರಿಸಿದ್ದಾಳೆ ನಿನ್ನ ಅತ್ತೆ ದೌಲತಬಿ. ಒಂದು ಸಾಲು ಬರೆಯುವಷ್ಟರಲ್ಲಿ ಗೇಣು ಸೀರೆ ನೇಯ್ದೇನು. ಬೇರೆಯವರಿಂದ ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದಂತೆ. ಊರಿಗೆ ಗೊತ್ತಿಲ್ಲದ್ದು ಏನು ಉಳಿದಿದೆ? ಇರಲಿ. ನಿನ್ನ ಕೆಮ್ಮು ಹೇಗಿದೆ? ನಿಮ್ಮಪ್ಪನ ಮೊಣಕಾಲು? ನಾವು ಭಾಳ ಚೆನ್ನಾಗಿದ್ದೇವೆ.

ನಿನ್ನೆ ಬಾಗಲಕೋಟೆಯ ಕೋರ್ಟಿನಲ್ಲಿ ತೀರ್ಪಾಯಿತು. ಬೀದಿಯಲ್ಲಿ ಗಂಜಿ ಹಚ್ಚಿ ಎಳೆದು ಕಟ್ಟಿದ್ದ ಮಲಕಪ್ಪನ ಸೀರೆಯ ಹಾಸು ನೂಲನ್ನು ಲಕ್ಷ್ಮಪ್ಪನ ಎತ್ತು ತುಳಿಯಿತೆಂದು ಮಲಕಪ್ಪನೂ ಸೇರಿ ನಾಲ್ವರು ಲಕ್ಷ್ಮಪ್ಪನ ಮನೆ ಹೊಕ್ಕು ಅವನನ್ನು ಬಡಿದರಲ್ಲ, ಅವರಲ್ಲಿ ಮೂವರಿಗೆ ಎರಡು ವರ್ಷ. ನಿನ್ನ ಗಂಡ ಖಾದರಬಾಷಾನಿಗೆ ಮೂರೇ ತಿಂಗಳು! ಲಕ್ಷ್ಮಪ್ಪನ ಹೆಂಡತಿ ಚಂದವ್ವ ಇದ್ದದ್ದು ಇದ್ದಂತೆ ಹೇಳಿದಳು: "ಇವ ಕೈ ಎತ್ತಲಿಲ್ರಿ ಸಾಹೇಬ್ರ. ನಮ್ಮ ಮಗ್ಗದ ಮುಂದ ಅಡ್ಡ ನಿಂತು, ಲೇ, ಹಾಸು ಹರದೀತು, ಹೊರಗ ಎಳದು ಬಡೀರ್ಲೇ ಅಂತ ಒದರಿದ." ಕೋರ್ಟೆಲ್ಲ ನಕ್ಕಿತು. ಹೊರಗೆ ಎಳೆದದ್ದಕ್ಕೇ ಓಣಿಯವರು ಓಡಿ ಬಂದು ಬಿಡಿಸಿದರು, ಒಳಗೇ ಆಗಿದ್ದರೆ ಗಂಡ ಉಳಿಯುತ್ತಿರಲಿಲ್ಲ ಎಂದೂ ಹೇಳಿದಳು, ಪುಣ್ಯಾತ್ಗಿತ್ತಿ. ಜೀವ ಉಳಿಸಲಿಕ್ಕೆ ಹಾಗೆ ಕೂಗಿದೆಯಾ ಎಂದು ಸಾಹೇಬರು ಇವನನ್ನು ಕೇಳಿದರೆ, ಈ ದಡ್ಡ "ಇಲ್ರೀ, ಹಾಸು ಉಳಸಾಕ್ರಿ" ಎಂದ! ವಕೀಲ ಹಣೆ ಬಡಿದುಕೊಂಡ. ಇವನು ಹೊಡೆದಿಲ್ಲ, ಸುಳ್ಳೂ ಹೇಳಲಿಲ್ಲ, ಆದರೆ ಗುಂಪಿನ ಜೊತೆ ಹೊಸ್ತಿಲು ದಾಟಿದ್ದು ತಪ್ಪೇ ಎಂದು ಸಾಹೇಬರು ಮೂರು ತಿಂಗಳು ಬರೆದರು.

ನಿನ್ನ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು. "ಮಗ ಜೈಲಿಗೆ ಹೋದದ್ದಕ್ಕ ಸಕ್ರಿ ಏನ್ರಿ?" ಎಂದು ನೆರೆಮನೆಯ ಹನಮವ್ವ ಅಣಕಿಸಿದರೆ, "ವರ್ಷ ಹೋಗಿ ತಿಂಗಳಾತು, ಬಾಯಿ ತೆರಿಯವ್ವ" ಎಂದು ಅವಳ ಬಾಯಿಗೇ ಸುರಿದಳು. ನಾನೂ ಎರಡು ಮುಕ್ಕು ತಿಂದೆ.

ಪೊಲೀಸರು ಅವನನ್ನು ಹಿಡಿದ ದಿನ ನೀನು ಗಂಟು ಕಟ್ಟಿ, "ಮನಿ ಹೊಕ್ಕು ಬಡಿಯೋನ ಮನ್ಯಾಗ ನಾ ಇರಂಗಿಲ್ಲ" ಎಂದು ಕಲಾದಗಿಗೆ ಹೋದೆ. ಮಾತು ಖರೆ. ಆದರೆ ಅವನು ಬಡಿದಿಲ್ಲ. ನಿನ್ನೆ ಕರೆದುಕೊಂಡು ಹೋಗುವಾಗಲೂ ಮಂದಿಯಲ್ಲಿ ನಿನ್ನನ್ನೇ ಹುಡುಕಿದ.

ನಿಮ್ಮಪ್ಪ ಅಮ್ಮನಿಗೆ ಸಲಾಮು. ನೀನು ತಣ್ಣಗಿರು.

ಮಲೀಕಸಾಬ

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ಮಲಕಪ್ಪ ಕರೆಯಲು ಬಂದಾಗ ಖಾದರ "ನಾ ಬರಂಗಿಲ್ಲ" ಎಂದಿದ್ದ. "ಹೇಡಿ, ಕೈಗೆ ಬಳಿ ಇಟ್ಕೋ ಹೋಗು" ಎಂದು ಹೊರಗೆ ದೂಡಿದವನು ನಾನು. ಕೋರ್ಟಿನಲ್ಲಿ ಅವನು ನನ್ನ ಹೆಸರು ಎತ್ತಲಿಲ್ಲ. ಸಿಟ್ಟು ನನ್ನ ಮೇಲೆ ಮಾಡು, ಅವನ ಮೇಲೆ ಬೇಡ. ಬರುತ್ತೀಯೋ ಇಲ್ಲವೋ, ಇದೇ ತಿಂಗಳ ೨೫ನೆಯ ತಾರೀಖಿನೊಳಗೆ ಉತ್ತರ ಬರಬೇಕು.