ಅಲ್ಲಾಡ್ಬೇಡ ಪುಟ್ಟಾ

ಆಲ್ಡರ್ ಬೇ, ಮಿನೆಸೋಟ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಸ್ವಲ್ಪ ಇಳಿಯಿತೇ? ಸಾಂಟಾ ಫೆಯ ಬಿಸಿಲು ಮೈಗೆ ಒಗ್ಗಿದೆ ಎಂದು ಬರೆದಿದ್ದೆ, ಸಂತೋಷ. ಇಲ್ಲಿ ಸರೋವರದ ಕಡೆಯಿಂದ ಕೊರೆಯುವ ಗಾಳಿ ಶುರುವಾಗಿದೆ. ಇರ್ವಿನ್ ನಿನ್ನೆ ಇಡೀ ದಿನ ಗೊಣಗುತ್ತಲೇ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದ. ಗಂಡ ಗೊಣಗಿದರೂ ಮನೆ ಬೆಚ್ಚಗಿದೆ, ಅಷ್ಟು ಸಾಕು. ಟಿಲ್ಡಾಳ ತುಟಿಯ ಗಾಯ ಪೂರ್ತಿ ವಾಸಿಯಾಗಿದೆ. ಮೊಮ್ಮಗಳ ಗಾಯದ ಬಗ್ಗೆ ನೀನು ಕೇಳಿರಲಿಲ್ಲ, ಆದರೂ ಹೇಳುತ್ತಿದ್ದೇನೆ.

ನಮ್ಮ ಲೈಬ್ರರಿಯ ಮಕ್ಕಳ ಕೋಣೆಗೆ ನಿನ್ನ ಹೆಸರಿಡುವುದು ಖಾಯಂ ಆಯಿತು. ಆ ಕೋಣೆಯನ್ನು ನೋಡಿಕೊಳ್ಳುವವಳು ನಾನೇ ಆದ್ದರಿಂದ ಸುದ್ದಿ ನಿನಗಿಂತ ಮೊದಲು ನನಗೇ ತಿಳಿಯಿತು. ಬಾಗಿಲ ಮೇಲೆ ‘ಹೆಡ್ವಿಗ್ ಲಿಂಡಾಲ್ ಕೋಣೆ’ ಎಂಬ ಹಿತ್ತಾಳೆ ಫಲಕ, ಒಳಗೆ ನೇರ ಎದುರಿಗೆ ನಿನ್ನ ‘ಹಾಸಿಗೆಯಲ್ಲೊಂದು ಸಮುದ್ರ’ ಪುಸ್ತಕದ ಆ ದೊಡ್ಡ ಚಿತ್ರ: ಒದ್ದೆಯಾದ ನೀಲಿ ನೈಟ್‌ಗೌನು, ಒಂದು ಗಿಡ್ಡ ಒಂದು ಉದ್ದವಾದ ಎರಡು ಜಡೆ, ಅಳುಮುಖ. ನಾನು ದಿನಾ ಅದರ ಕೆಳಗೇ ಕೂತು ಕೆಲಸ ಮಾಡಬೇಕು. ಹೆಸರಿಡುವ ಸಮಾರಂಭದಲ್ಲಿ ಅಭಿನಂದನೆಯ ಭಾಷಣವೂ ನನ್ನದೇ ಅಂತೆ. ‘ಸುಮ್ನೆ ಹೊಗಳ್ಬೇಡ ಮಾರಿಟ್, ಸ್ವಲ್ಪ ನಗ್ಸು’ ಎಂದು ನೀನು ಫೋನಿನಲ್ಲಿ ಹೇಳಿದ್ದನ್ನು ಮರೆತಿಲ್ಲ. ನಗಿಸುತ್ತೇನೆ.

ನೀನು ಕೆಲಸ ಮಾಡುತ್ತಿದ್ದ ರೀತಿಯನ್ನೇ ಹೇಳೋಣ ಎಂದುಕೊಂಡಿದ್ದೇನೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕೈಯಲ್ಲೇ ಹೊಲಿದ ಕರಡುಪ್ರತಿಯನ್ನು ಹಿಡಿದುಕೊಂಡು ನೀನು ನಮ್ಮ ಎರಡನೆಯ ತರಗತಿಗೆ ಬರುತ್ತಿದ್ದೆ. ಓದುವಾಗ ನಿನ್ನ ಕಣ್ಣು ಪುಸ್ತಕದ ಮೇಲೆ ಇರುತ್ತಲೇ ಇರಲಿಲ್ಲ, ನಮ್ಮ ಮುಖಗಳ ಮೇಲಿರುತ್ತಿತ್ತು. ಮಕ್ಕಳು ಮೂಗು ತುರಿಸಿಕೊಂಡ ಪುಟವನ್ನು ಮನೆಗೆ ಬಂದವಳೇ ಹರಿದು ಒಲೆಗೆ ಹಾಕುತ್ತಿದ್ದೆ. ನಕ್ಕ ಪುಟಕ್ಕೆ ಜೊತೆಯಾಗಿ ಇನ್ನೊಂದು ಬರೆಯುತ್ತಿದ್ದೆ. ಒದ್ದೆ ನೈಟ್‌ಗೌನಿನ ಪುಟ ಬಂದಾಗ ತರಗತಿಯೇ ಬಿದ್ದುಬಿದ್ದು ನಕ್ಕಿತು. ನಾನೂ ನಕ್ಕೆ, ನನಗೇನು ಗೊತ್ತಿತ್ತು! ಪಕ್ಕದಲ್ಲಿದ್ದ ಡೋರಿಸ್ ಚಿತ್ರ ನೋಡಿದಳು, ನನ್ನ ಜಡೆ ನೋಡಿದಳು, ಮತ್ತೆ ಚಿತ್ರ ನೋಡಿದಳು. ‘ಏಯ್, ಇದು ನೀನೇ ಕಣೇ!’ ಎಂದಳು. ಮುಂದಿನ ವಾರ ನೀನು ಬಂದಾಗ ಅಂಥ ಪುಟಗಳು ಮೂರಾಗಿದ್ದವು. ಮನೆಯಲ್ಲಿ ನಾನು ಅತ್ತದ್ದಕ್ಕೆ ನೀನು ‘ಅಯ್ಯೋ, ಅದು ನೀನಲ್ವೇ, ಅದು ಪುಸ್ತಕ’ ಎಂದು ಕೆನ್ನೆ ತಟ್ಟಿದೆ. ಹೈಸ್ಕೂಲು ಮುಗಿಯುವವರೆಗೂ ನಾನು ಬಸ್ಸು ಹತ್ತಿದರೆ ಸಾಕು, ಹಿಂದಿನ ಸೀಟಿನವರೆಲ್ಲ ಗಾಳಿಯಲ್ಲಿ ಹುಟ್ಟು ಹಾಕುತ್ತಾ ‘ಹಡಗು ಬಂತು, ದಾರಿ ಬಿಡ್ರೋ’ ಎನ್ನುತ್ತಿದ್ದರು.

ಆ ಚಿತ್ರ ಬರೆದ ಬೆಳಿಗ್ಗೆ ನಿನಗೆ ನೆನಪಿದೆಯೋ ಇಲ್ಲವೋ. ನಾನು ಹಾಸಿಗೆ ಒದ್ದೆ ಮಾಡಿಕೊಂಡು ಅದರ ಪಕ್ಕ ನಡುಗುತ್ತಾ ನಿಂತಿದ್ದೆ. ನೀನು ಒಳಗೆ ಬಂದೆ. ಟವೆಲ್ಲು ತರುತ್ತೀಯ ಎಂದುಕೊಂಡೆ. ‘ಹಾಗೇ ಇರು, ಅಲ್ಲಾಡ್ಬೇಡ ಪುಟ್ಟಾ, ಒಂದೇ ನಿಮಿಷ’ ಎಂದು ನೀನು ಪೆನ್ಸಿಲು ಹುಡುಕಲು ಹೋದೆ. ನೀನು ಬರೆದು ಮುಗಿಸುವಷ್ಟರಲ್ಲಿ ಗೌನು ನನ್ನ ಮೈಮೇಲೇ ಒಣಗಿತ್ತು.

ಆದರೂ ಒಂದು ಮಾತು ಸುಳ್ಳಿಲ್ಲದೆ ಹೇಳಬೇಕು. ಹೋದ ಚಳಿಗಾಲದಿಂದ ಹೊದಾನ್ ಎಂಬ ಪುಟ್ಟ ಹುಡುಗಿ ಲೈಬ್ರರಿಯಲ್ಲಿ ಮಕ್ಕಳಿಗೆ ಓದಿ ಹೇಳುವ ನಮ್ಮ ಕಥೆಯ ಗಂಟೆಗೆ ಬರುತ್ತಾಳೆ. ಒದ್ದೆ ದುಪ್ಪಟಿಗಳನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದಳಂತೆ, ಅವರಮ್ಮ ಹೇಳಿದಳು. ನಿನ್ನ ಪುಸ್ತಕ ಓದಿದ ದಿನ ಅವಳು ನೆಟ್ಟಗೆ ನನ್ನ ಮೇಜಿನ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, ‘ನಮ್ಮನೇಲೂ ಸಮುದ್ರ ಬರತ್ತೆ, ಗೊತ್ತಾ?’ ಎಂದಳು. ದೊಡ್ಡ ಜಂಬ! ಆ ಪುಸ್ತಕವನ್ನು ಮನೆಗೆ ಒಯ್ಯುತ್ತಾಳೆ, ತಂದುಕೊಡುತ್ತಾಳೆ, ಮತ್ತೆ ಒಯ್ಯುತ್ತಾಳೆ. ನನಗೆ ಹೊಟ್ಟೆ ಉರಿಯಿತಮ್ಮಾ. ನಿನ್ನ ಪುಸ್ತಕ ಕೆಟ್ಟದಾಗಿದ್ದರೆ ನಿನ್ನನ್ನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಅದು ಒಳ್ಳೆಯ ಪುಸ್ತಕ. ಮಗುವಿನ ಅವಮಾನ ಎಂಥದು ಎಂದು ನಿನ್ನಷ್ಟು ಚೆನ್ನಾಗಿ ತಿಳಿದವರು ಈ ದೇಶದಲ್ಲಿ ಕಡಿಮೆ. ತಿಳಿದೂ ಪೆನ್ಸಿಲು ತರಲು ಹೋದೆಯಲ್ಲ, ಅದನ್ನೇ ನಾನು ನುಂಗಲಾರೆ. ಭಾಷಣದಲ್ಲಿ ಹೊದಾನ್‌ಳ ವಿಷಯ ಖಂಡಿತ ಹೇಳುತ್ತೇನೆ.

ಇನ್ನು ನಿನ್ನ ವಸತಿ. ಬಂದರಿನ ಪಕ್ಕದ ಮೋಟೆಲಿನಲ್ಲಿ ಕೋಣೆ ಹಿಡಿದಿದ್ದೇವೆ. ಮನೆಯಲ್ಲಿ ಜಾಗವಿದೆ, ಆದರೆ ಟಿಲ್ಡಾ ಬೇಡವೆಂದಳು. ಪಾದ್ರಿಗಳ ಹೆಂಡತಿ ಕಾಡಕ್ಕಿಯ ಸೂಪು ತರುತ್ತಾಳೆ. ಕೇಕಿನ ಮೇಲೆ ಸಕ್ಕರೆಯಲ್ಲಿ ನೀಲಿ ನೈಟ್‌ಗೌನು ಬರೆಸುತ್ತಾರಂತೆ. ನಾನು ಯಾವ ತುಂಡು ಹಾಕಿಸಿಕೊಳ್ಳಲಿ, ನೀನೇ ಹೇಳು.

ದಪ್ಪ ಕೋಟು ಮರೆಯದೆ ತಾ, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೋ. ಇರ್ವಿನ್ ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ದೇವರು ನಿನ್ನ ಕೈಬೆರಳುಗಳನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಮಗಳು,
ನಿನ್ನ ಓದುಗರ ಲೆಕ್ಕದಲ್ಲಿ ಇನ್ನೂ ಒದ್ದೆಯಾಗಿಯೇ ನಿಂತಿರುವ
ಮಾರಿಟ್

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಟಿಲ್ಡಾ ಒಂದು ಪುಸ್ತಕ ಮಾಡಿದ್ದಾಳೆ, ‘ಚಿತ್ರ ಬರೆಯುವ ಅಜ್ಜಿ’. ಜೂನಿನಲ್ಲಿ ಅವಳು ಉಯ್ಯಾಲೆಯಿಂದ ಬಿದ್ದು ತುಟಿ ಒಡೆದುಕೊಂಡಾಗ ನೀನು ಏನು ಹೇಳಿದೆಯೋ, ಪುಸ್ತಕದ ಅಜ್ಜಿಯದೂ ಅದೇ ಮಾತು. ನಾನು ಐಸು ಹಿಡಿದು ಓಡಿ ಬರುವವರೆಗೂ ಮಗು ಗಲ್ಲದ ಮೇಲೆ ರಕ್ತ ಸುರಿಸಿಕೊಂಡು ಅಲ್ಲಾಡದೆ ನಿಂತಿತ್ತಲ್ಲ. ಪುಸ್ತಕದಲ್ಲಿ ಹುಡುಗಿ ಮರದಿಂದ ಬೀಳುತ್ತಾಳೆ, ಅಜ್ಜಿ ‘ಹಾಗೇ ಇರು, ಅಲ್ಲಾಡ್ಬೇಡ ಪುಟ್ಟಾ’ ಎಂದು ಪೆನ್ಸಿಲು ಹುಡುಕುತ್ತಾಳೆ. ಹುಡುಗಿ ಸರೋವರದಲ್ಲಿ ಮುಳುಗುತ್ತಾಳೆ, ಮತ್ತೆ ಅದೇ. ಕರಡಿ ಬಂದು ಅವಳ ಕಾಲು ಹಿಡಿಯುತ್ತದೆ, ಅಜ್ಜಿ ಕರಡಿಗೂ ಅದನ್ನೇ ಹೇಳುತ್ತಾಳೆ, ಕರಡಿಯೂ ಪಾಪ ಅಲ್ಲಾಡದೆ ನಿಲ್ಲುತ್ತದೆ. ಕಥೆಯ ಗಂಟೆಯಲ್ಲಿ ಟಿಲ್ಡಾ ಓದಿದಾಗ, ನೀನು ಕಲಿಸಿದ ಹಾಗೆ ನಾನು ಮಕ್ಕಳ ಮುಖಗಳನ್ನೇ ನೋಡುತ್ತಿದ್ದೆ. ಒಬ್ಬರೂ ಮೂಗು ತುರಿಸಿಕೊಳ್ಳಲಿಲ್ಲ. ಸರೋವರದ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ಆ ಮಾತನ್ನು ಒಟ್ಟಿಗೆ ಕೂಗುತ್ತಿದ್ದರು. ಕರಡಿಗೆ ಎಷ್ಟು ನಕ್ಕರೆಂದರೆ, ಮನೆಗೆ ಬಂದವಳೇ ಇನ್ನೊಂದು ಕರಡಿ ಸೇರಿಸಿದಳು. ಸಮಾರಂಭದಲ್ಲಿ ನನ್ನ ಭಾಷಣಕ್ಕೆ ಮೊದಲು ಅವಳೇ ಓದುತ್ತಾಳೆ. ನಿನ್ನ ಕುರ್ಚಿ ಮಕ್ಕಳಿಗೆ ಎದುರಾಗಿಯೇ ಇದೆ. ಅಜ್ಜಿಗೆ ನಿನ್ನದೇ ಬಿಳಿ ಜಡೆ, ನಿನ್ನದೇ ಸರಪಳಿಯ ಕನ್ನಡಕ, ಆದರೆ ಬೇಸರ ಮಾಡಿಕೊಳ್ಳಬೇಡ, ಅದು ನೀನಲ್ಲಮ್ಮಾ, ಅದು ಪುಸ್ತಕ. ಕೊನೆಯ ಪುಟ ಮಾತ್ರ ಖಾಲಿ ಬಿಟ್ಟಿದ್ದಾಳೆ. ಅಂದು ಮಕ್ಕಳೆಲ್ಲ ನಗುವಾಗ ನಿನ್ನ ಮುಖ ನೋಡಿ ಬರೆಯುತ್ತಾಳಂತೆ. ಪೆನ್ಸಿಲು ಈಗಲೇ ಚೂಪು ಮಾಡಿಟ್ಟುಕೊಂಡಿದ್ದಾಳೆ.