ಸುಣ್ಣದ ಕಲ್ಲು ಅಂದವಳಿಗೆ

ಗುಬ್ಬಿ
೧೬ ಫೆಬ್ರವರಿ ೨೦೨೫, ಭಾನುವಾರ

ಗೆಳತಿ ನಂದಿತಾಗೆ,

ಸುಧಾ ಮಾಡುವ ವಂದನೆ. ನಾವಿಲ್ಲಿ ಕ್ಷೇಮ ಅಂತ ಶುರುಮಾಡೋದು ವಾಡಿಕೆ. ಕ್ಷೇಮವಿಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೀನಿ. ನಿನ್ನ ಗೃಹಪ್ರವೇಶದ ಕರೆಯೋಲೆ ಸಂಕ್ರಾಂತಿಗೆ ಮುಂಚೆಯೇ ಕೈಸೇರಿತ್ತು. ಬರೋಕಾಗಲಿಲ್ಲ ಅಂತ ತಿಳಿಸೋಕೂ ಇಷ್ಟು ತಡ ಮಾಡಿದೆ, ತಪ್ಪು ತಿಳೀಬೇಡ. ಫೋನ್ ಮಾಡಿದರೆ ನೀನು ಎತ್ತಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ಬರುತ್ತೆ, ಉತ್ತರ ಬರಲ್ಲ. ಅದಕ್ಕೇ ಅಂಚೆ. ಬೇರೆಯವರ ಕಾಗದವನ್ನೇ ಒಡೆದು ಓದುತ್ತಿದ್ದವಳು ನೀನು, ನಿನ್ನ ಹೆಸರಿಗೇ ಬಂದದ್ದನ್ನು ಬಿಡ್ತೀಯಾ?

ಹೊಸ ಮನೆಯ ಫೋಟೋ ನೋಡಿದೆ. ತುಮಕೂರಿನಲ್ಲಿ ಅಷ್ಟು ದೊಡ್ಡ ಹಾಲ್ ಕಟ್ಟಿಸಿದ್ದೀಯ, ಸಂತೋಷ. ನೆಲಕ್ಕೆಲ್ಲ ಕರಿ ಗ್ರಾನೈಟ್ ಅಂತ ನಿಮ್ಮ ಯಜಮಾನರು ಗ್ರೂಪಿನಲ್ಲಿ ಹೆಮ್ಮೆಯಿಂದ ಹಾಕಿದ್ದರು. ನನಗೆ ನಗು ಬಂತು. ಅಂಗಡಿಯವರು ಕರಿ ಗ್ರಾನೈಟ್ ಅನ್ನೋದು ಬಹುಪಾಲು ಗ್ರಾನೈಟೇ ಅಲ್ಲ, ಡಾಲರೈಟ್ ಅಂತ ಕುಣಿಗಲ್ ರಸ್ತೆಯ ಬಂಡೆಯೊಂದರ ಮುಂದೆ ನಿಲ್ಲಿಸಿ ನನಗೆ ಹೇಳಿಕೊಟ್ಟವಳು ನೀನೇ. ಮನೆಯವರಿಗೆ ಹೇಳಲಿಲ್ಲವೇ? ಹೇಳದೆ ಇರೋದು ನಿನಗೆ ರೂಢಿಯಾಗಿದೆ ಬಿಡು.

ಆ ಭಾನುವಾರಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತೆ. ಅದೇ ನನಗೆ ಸಂಕಟ. ಹಾಗಲವಾಡಿಯ ತವರಿಗೆ ಹೋಗುವಾಗ ನೀನು ಗುಬ್ಬಿಯಲ್ಲಿ ಇಳಿದು ನಮ್ಮ ಮನೆಗೆ ಬರುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಅಂತ ಹೆಸರಿಗೆ ಮಾತ್ರ. ಕಲ್ಲು ಅಂದರೆ ನನಗೆ ಎರಡೇ ಜಾತಿ, ಎಡವೋದು ಮತ್ತು ಎಡವದೆ ಇರೋದು. ನೀನೋ ಜಿಯಾಲಜಿ ಓದಿ, ವಸಂತನರಸಾಪುರದ ಕಲ್ಲುಪುಡಿ ಫ್ಯಾಕ್ಟರಿಯ ಲ್ಯಾಬಿಗೆ ಮೇಲ್ವಿಚಾರಕಿಯಾದವಳು. ನನ್ನನ್ನು ಹಳ್ಳದ ದಂಡೆಗೆ ಎಳೆದುಕೊಂಡು ಹೋಗಿ, "ಬಣ್ಣ ನೋಡಿ ಹೆಸರಿಡಬ್ಯಾಡ ಕಣೇ, ಬಣ್ಣ ಸುಳ್ಳು ಹೇಳ್ತದೆ. ಗೀಚಿ ನೋಡು" ಅಂತ ಗದರುತ್ತಿದ್ದೆ. ಉಗುರಿಗೆ ಸವೆದರೆ ಬಳಪದ ಕಲ್ಲು. ಪದರ ಪದರವಾಗಿ ಬಿಚ್ಚಿಕೊಂಡು ಮಿಂಚಿದರೆ ಕಾಗೆಬಂಗಾರ. ಆಸಿಡ್ ಹನಿಗೆ ಬುರುಬುರು ನೊರೆ ಎದ್ದರೆ ಸುಣ್ಣದ ಕಲ್ಲು. ಗಾಜನ್ನೇ ಗೀಚುವ ಬಿಳಿ ಕಲ್ಲಾದರೆ ಅವಸರ ಮಾಡಬಾರದು, ಒಡೆದ ಮೈ ನೋಡಬೇಕು: ಚಪ್ಪಟೆ ಮುಖವಿದ್ದರೆ ಫೆಲ್ಡ್‌ಸ್ಪಾರ್, ಗಾಜಿನ ಚೂರಿನ ಹಾಗಿದ್ದರೆ ಬೆಣಚು. ನಾನು ಒಂದನ್ನು ಇನ್ನೊಂದು ಅಂದಾಗಲೆಲ್ಲ ನನ್ನ ತಲೆಗೆ ಮೊಟಕುತ್ತಿದ್ದೆ. ಚೀಲ ತುಂಬ ಕಲ್ಲು ಹೊತ್ತು ಮನೆಗೆ ಬಂದರೆ ನಮ್ಮತ್ತೆ ಹಣೆ ಚಚ್ಚಿಕೊಳ್ಳೋರು: "ಹೊಲದಾಗಿನ್ ಕಲ್ಲ ಆರ್ಸಿ ಆಚೆ ಹಾಕಾಕೆ ನಾವು ಸೊಂಟ ಮುರ್ಕಂಡೋ. ಇವ್ಳು ಒಳಿಕ್ಕೆ ತತ್ತಾವ್ಳಲ್ಲಪ್ಪ!"

ನಮ್ಮನೆಯವರಿಗೆ ನಿನ್ನ ಫ್ಯಾಕ್ಟರಿಯಲ್ಲೇ ಕೆಲಸ ಕೊಡಿಸಿದವಳೂ ನೀನು. ಕೊಬ್ಬರಿ ಮಂಡಿಯಲ್ಲಿ ಮೂಟೆ ಎಣಿಸಿಕೊಂಡಿದ್ದ ಜಯಪ್ರಕಾಶ್ ಯೂನಿಫಾರಂ ಹಾಕಿ ಕಂಪನಿ ಬಸ್ಸು ಹತ್ತಿದಾಗ ಬೀದಿಯವರೆಲ್ಲ ನೋಡಿದರು. ಕಲ್ಲು ಬೀಸುವ ಸೆಕ್ಷನ್. ಅಲ್ಲಿ ಬರುವ ಬಿಳಿ ಪುಡಿಗೆ ಎಲ್ಲರೂ "ಹಿಟ್ಟು" ಅನ್ನುತ್ತಾರೆ, ಇವರೂ ಹಾಗೇ ಕಲಿತರು. ಮುದ್ದೆಯನ್ನೇ ಹಿಟ್ಟು ಅನ್ನುವ ಸೀಮೆ ನಮ್ಮದು. ಹಿಟ್ಟು ಅಂದ ಮೇಲೆ ಹೆದರಿಕೆ ಎಲ್ಲಿಂದ ಬರಬೇಕು? ಮೂಗಿಗೆ ಏನಾದರೂ ಕಟ್ಟಿಕೊಳ್ಳಿ ಅಂದರೆ, "ಹಿಟ್ಟುಣ್ಣೋರು ಹಿಟ್ಟಿಗೆ ಹೆದ್ರುಕಂಡ್ರೆ ಆಯ್ತದೇನೇ?" ಅಂತ ನಗೋರು. ರಾಗಿ ಮಿಲ್ಲಿನಿಂದ ಬಂದವರ ಹಾಗೆ ಜಗಲಿಯ ಮೇಲೆ ನಿಂತು ತಲೆ ಕೊಡವಿಕೊಂಡು ಒಳಗೆ ಬರೋರು. ಅವರ ಅಂಗಿ ಒದರಿ ಒಗೆಯೋಳು ನಾನು.

ಒಂದು ಭಾನುವಾರ ನಿನ್ನನ್ನೇ ಕೇಳಿದ್ದೆ, ಅಲ್ಲಿ ಬೀಸೋದು ಯಾವ ಕಲ್ಲು ಅಂತ. "ಸುಣ್ಣದ ಕಲ್ಲು ಕಣೇ, ಇನ್ಯಾವ್ದು" ಅಂತ ನೀನಂದೆ. ಸ್ಕೂಲಿನಿಂದ ಆಸಿಡ್ ತರ್ತೀನಿ, ಒಂದು ಹನಿ ಹಾಕಿ ನೋಡೋಣ ಅಂತ ನಾನಂದೆ. "ಭಾನುವಾರನೂ ಫ್ಯಾಕ್ಟ್ರಿ ಮಾತಾ? ಏಳೇ ಮೇಲೆ" ಅಂತ ನೀನು ನನ್ನ ಕೈಹಿಡಿದು ಎಬ್ಬಿಸಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಗೀಚಿ ನೋಡುತ್ತಿದ್ದ ನಾನು ಅದೊಂದನ್ನು ಮಾತ್ರ ನೋಡಲಿಲ್ಲ. ಕಲಿಸಿದವಳೇ ಹೆಸರು ಹೇಳಿದ ಮೇಲೆ ಪರೀಕ್ಷೆ ಯಾಕೆ ಅನ್ನಿಸಿತು.

ಆಮೇಲಿನದು ನಿನಗೆ ಅರ್ಧ ಗೊತ್ತು. ಕೆಮ್ಮು ಶುರುವಾಯಿತು. ಇಲ್ಲಿಯ ಡಾಕ್ಟರು ಟಿ.ಬಿ. ಅಂದರು, ಆರು ತಿಂಗಳು ಮಾತ್ರೆ ನುಂಗಿಸಿದೆ, ಮನುಷ್ಯ ಸೊರಗುತ್ತಲೇ ಹೋದರು. ಕೊನೆಗೆ ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಇವರು ಯಾವ ಕಲ್ಲಿನ ಕೆಲಸ ಮಾಡೋದು?" ಅಂತ ಕೇಳಿದರು. ನಾನು ನಿನ್ನ ಶಿಷ್ಯೆಯಲ್ಲವೇ, ಮುಂದೆ ಬಿದ್ದು "ಸುಣ್ಣದ ಕಲ್ಲು" ಅಂದೆ. "ಸುಣ್ಣದ ಕಲ್ಲಿನ ಧೂಳಿಗೆ ಎದೆ ಹೀಗಾಗಲ್ಲಮ್ಮ. ಸರಿಯಾಗಿ ವಿಚಾರಿಸಿ" ಅಂದರು.

ವಿಚಾರಿಸೋದು ಯಾರನ್ನ? ಮನೆಗೆ ಬಂದು ಯೂನಿಫಾರಮ್ಮಿನ ಜೇಬು ತಿರುವಿ, ಹೊಲಿಗೆಯಲ್ಲಿ ಕೂತಿದ್ದ ಪುಡಿ ಉದುರಿಸಿ ಆಸಿಡ್ ಬಿಟ್ಟೆ. ನೊರೆ ಏಳಲಿಲ್ಲ. ದೇವರೇ, ಒಂದು ಗುಳ್ಳೆಯಾದರೂ ಏಳಲಿ ಅಂತ ಬಗ್ಗಿ ನೋಡಿದೆ ಕಣೇ. ಎರಡು ಗಾಜಿನ ನಡುವೆ ಇಟ್ಟು ಉಜ್ಜಿದರೆ ಕರಕರ ಅಂತು, ಗಾಜಿನ ತುಂಬ ಗೀರು. ಮಾರನೇ ದಿನ ರಜ ಹಾಕಿ ವಸಂತನರಸಾಪುರಕ್ಕೆ ಹೋದೆ. ನಿಮ್ಮ ಗೇಟಿನ ಮುಂದೆ ಲಾರಿಯಿಂದ ಬಿದ್ದಿದ್ದ ಕಲ್ಲೊಂದನ್ನು ಆರಿಸಿಕೊಂಡು ಒಡೆದು ನೋಡಿದೆ. ಬೆಣಚು. ನೀನು ಪಕ್ಕದಲ್ಲಿಲ್ಲದೆ ನಾನು ಮೊದಲ ಸಲ ಗುರುತು ಹಿಡಿದ ಕಲ್ಲು ಅದು, ಸರಿಯಾಗಿಯೇ ಹಿಡಿದೆ.

ಡಾಕ್ಟರಮ್ಮನಿಗೆ ಹೇಳಿದೆ. ಆ ಧೂಳು ಒಳಗೆ ಹೋದರೆ ಹೊರಗೆ ಬರೋದಿಲ್ಲವಂತೆ, ಔಷಧಿಯೂ ಇಲ್ಲವಂತೆ. ಈಗ ಮಂಚದ ಪಕ್ಕ ಆಕ್ಸಿಜನ್ ಮೆಷಿನ್ ಇದೆ. ಒಂದು ಮಾತು ಆಡೋಕೆ ಎರಡು ಸಲ ಉಸಿರು ತಗೋಬೇಕು. ಅಂಥದ್ದರಲ್ಲೂ ನಾನು ನಿನ್ನನ್ನು ಬೈದರೆ, "ಬುಡು... ಕೆಲ್ಸ ಕೊಡ್ಸಿದ್ದು... ತಪ್ಪಾ?" ಅಂತಾರೆ.

ನಾನೂ ಯೋಚನೆ ಮಾಡಿದೆ. ನಿನಗೂ ಮೇಲಿನವರ ಭಯ ಇದ್ದೀತು. ದಿನಾ ಕಣ್ಣ ಮುಂದೆ ಇರೋದು ಅಪಾಯ ಅಂತ ನಿನಗೂ ಹೊಳೆಯದೆ ಹೋಗಿರಬಹುದು. ಹಾಗಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೀನಿ. ಕೇಳೋದು ಒಂದೇ. ಆ ಸೆಕ್ಷನ್ನಿನಲ್ಲಿ ಇನ್ನೂ ಜನ ಇದ್ದಾರೆ, ಅವರ ಮನೆಗಳಲ್ಲೂ ಅಂಗಿ ಒದರುವ ಹೆಂಗಸರಿದ್ದಾರೆ. ಗೇಟಿನ ಹತ್ತಿರ ನಿಂತು ನಾನು ಹೇಳಿದೆ. "ನೀವ್ ಟೀಚರ್ರು ಕಣಕ್ಕ, ನಿಮಗೇನ್ ಗೊತ್ತು? ಲ್ಯಾಬ್ ಮೇಡಮ್ಮೇ ಸುಣ್ಣ ಅಂದವ್ರೆ" ಅಂತ ಹೊರಟುಹೋದರು. ನೀನು ಹೇಳಿದರೆ ನಂಬುತ್ತಾರೆ. ಒಂದು ಸಲ ಬಾಯಿಬಿಟ್ಟು ಹೇಳು, ಅದು ಹಿಟ್ಟೂ ಅಲ್ಲ ಸುಣ್ಣವೂ ಅಲ್ಲ ಅಂತ.

ನಿನ್ನ ಹೊಸ ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿರಲಿ. ಯಡಿಯೂರು ಸಿದ್ಧಲಿಂಗೇಶ್ವರ ನಿನ್ನನ್ನೂ ನಿನ್ನ ಮನೆಯವರನ್ನೂ ಎದೆ ತುಂಬ ಉಸಿರಾಡಿಕೊಂಡು ಇರುವ ಹಾಗೆ ಇಟ್ಟಿರಲಿ.

ಇಂತಿ,
ಸುಧಾ

ಲಕೋಟೆ ಅಂಟಿಸುವ ಮುಂಚೆ: ಸಂಜೆ ನಿನ್ನ ತಮ್ಮ ಅನಂತರಾಜು ಇವರನ್ನು ನೋಡೋಕೆ ಮೂಸಂಬಿ ಹಿಡಿದುಕೊಂಡು ಬಂದಿದ್ದ. ಮಂಚದ ಪಕ್ಕ ಕೂತು ಮಗುವಿನ ಹಾಗೆ ಅತ್ತ. ಅಳುತ್ತಾ, "ನಾನೂ ಅದೇ ಸೆಕ್ಷನ್ನಲ್ಲಿದ್ದೆ ಭಾವ. ಒಸಿ ಕೆಮ್ಮು ಬಂತು ಅಂದಿದ್ದಕ್ಕೆ ನಂದಿತಕ್ಕ 'ಅದು ಬೆಣಚು ಕಣೋ, ಎದೆ ತಿಂತದೆ, ಇನ್ನೊಂದಿನಾನೂ ಅಲ್ಲಿರಬ್ಯಾಡ' ಅಂತ ಸ್ಟೋರ್ ರೂಮಿನ ಕೆಲ್ಸಕ್ಕೆ ಹಾಕ್ಸುದ್ಲು. ನನ್ ಜಾಗಕ್ಕೇ ನಿಮ್ಮುನ್ನ ತಕ್ಕಂಡ್ರು" ಅಂದ. ಇವರು ಗೋಡೆ ಕಡೆ ತಿರುಗಿಕೊಂಡರು. ಮೇಲೆ ನಾನು ಬರೆದ ಸಮಾಧಾನವನ್ನು ಹೊಡೆದುಹಾಕಿ ಓದಿಕೋ. ತಮ್ಮನನ್ನು ಎಬ್ಬಿಸಿದ ಜಾಗದಲ್ಲಿ ನನ್ನ ಗಂಡನನ್ನು ಕೂರಿಸಿ, ಕೆಲಸ ಸಿಕ್ತು ಕಣೇ ಅಂತ ಹೇಳೋಕೆ ನೀನೇ ನಮ್ಮ ಮನೆಗೆ ಬಂದಿದ್ದೆ. ಅವತ್ತು ಒಬ್ಬಟ್ಟು ಮಾಡಿದ್ದೆ ನಾನು. ತುಪ್ಪ ಹಾಕಿ ಬಡಿಸಿದೆ. ನೀನು ಇನ್ನೊಂದು ಕೇಳಿ ಹಾಕಿಸಿಕೊಂಡೆ.